ಮಾತಾಡದ ಉಯ್ಯಾಲೆ

ಜಯಲಕ್ಷ್ಮಿ ಉಯ್ಯಾಲೆಯ ಮೇಲೆ ಕೂತರು. ಉಯ್ಯಾಲೆ ಮಾತಾಡಲಿಲ್ಲ.

"ಸರಿಯಾಗಿ ಕೂತ್ಕೋಮ್ಮಾ," ಎಂದಳು ಮಗಳು ಸುಮೇಧಾ, ನೆಲದ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು.

"ಕೂತಿದೀನಲ್ಲೇ ಕಣ್ಣಾ. ಇನ್ ಹೇಗೆ ಕೂರ್ಲಿ?"

ವಸ್ತುಗಳಿಗೆ ಬಾಯಿ ಬರಿಸುವುದೇ ಸುಮೇಧಾಳ ಉದ್ಯೋಗ. ಅವಳು ಮ್ಯೂಸಿಯಂಗಳಿಗೆ ಮಾಡಿಕೊಟ್ಟ ಕಲ್ಲು ಮುಟ್ಟಿದರೆ ಹಾಡುತ್ತದೆ, ಗೋಡೆ ಹತ್ತಿರ ಹೋದರೆ ಕಥೆ ಹೇಳುತ್ತದೆ. ವೆಸ್ಟ್ ಮಾಂಬಲಂನ ಈ ಫ್ಲಾಟಿಗೆ ಮಾತ್ರ, ಅಪ್ಪ ತಿರುಮಲ ತೀರಿಹೋದಮೇಲೆ, ಮಾತೇ ನಿಂತುಹೋಗಿತ್ತು. ಅವರ ದನಿಯನ್ನಾದರೂ ಅಮ್ಮನಿಗೆ ತಂದುಕೊಡಬೇಕೆಂದು ಹಟ ಹಿಡಿದು, ಹಳೆಯ ವಿಡಿಯೋದಿಂದ ಒಂದೇ ಒಂದು ಮಾತು ಕತ್ತರಿಸಿ ತೆಗೆದಿದ್ದಳು. ಉಯ್ಯಾಲೆಯ ಹಲಗೆಯಡಿ ತೂಕ ಹಿಡಿಯುವ ಸೆನ್ಸರ್ ಕೂರಿಸಿದ್ದಳು. ಒಗೆದ ಬಟ್ಟೆಯ ಬುಟ್ಟಿ ಇಟ್ಟಾಗಲೆಲ್ಲ ಅಪ್ಪ ಮಾತಾಡಿಬಿಟ್ಟರೆ ಹೇಗೆ? ಅದಕ್ಕೇ ಐವತ್ತು ಕಿಲೋ ದಾಟಿದರೆ ಮಾತ್ರ ಎಂದು ಗೊತ್ತುಮಾಡಿದ್ದಳು. ಅಮ್ಮನದು ಐವತ್ತೆಂಟು.

"ಪರವಾಯಿಲ್ಲ ಬಿಡೇ. ನಿಂಗೆ ಆಫೀಸಿಗೆ ಹೊತ್ತಾಯ್ತು. ಡಬ್ಬಿ ಕಟ್ಟಿಟ್ಟಿದೀನಿ."

"ಒಂದ್ನಿಮಿಷ, ನಾನೇ ಕೂತು ಚೆಕ್ ಮಾಡ್ತೀನಿ."

ಸುಮೇಧಾ ಕೂತದ್ದೇ ತಡ, ಹಲಗೆಯಡಿಯಿಂದ ಅಪ್ಪ ಕೇಳಿದರು: "ಊಟ ಆಯ್ತೇನೇ ಜಯಾ?"

ಜಯಲಕ್ಷ್ಮಿ ಗೋಡೆ ಹಿಡಿದುಕೊಂಡರು. ಆಮೇಲೆ ಮಗಳನ್ನು ಎಬ್ಬಿಸಿ ತಾವೇ ಕೂತರು. ಮತ್ತೆ ಸದ್ದಿಲ್ಲ.

"ನನ್ ಹತ್ರ ಮಾತ್ರ ಮಾತಾಡಲ್ವೇನೇ ಅವ್ರು?" ಎಂದರು.

ಸುಮೇಧಾ ಪರದೆ ನೋಡಿದಳು. ನಲವತ್ತೊಂದು. ಸೆನ್ಸರ್ ಕೆಟ್ಟಿದೆ ಅಂದುಕೊಂಡಳು. ಕತ್ತೆತ್ತಿ ಅಮ್ಮನನ್ನು ನೋಡಿದಳು. ರವಿಕೆಯ ತೋಳು ಜೋಲುತ್ತಿತ್ತು, ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಒಂದೇ ಮನೆಯಲ್ಲಿದ್ದು, ದಿನಾ ಅದೇ ಕೈಯಿಂದ ಡಬ್ಬಿ ಇಸಕೊಂಡು ಹೋಗುತ್ತಿದ್ದವಳಿಗೆ ಇದು ಕಂಡಿರಲಿಲ್ಲ.

"ಅಮ್ಮಾ, ನಾನು ಹೋದ್ಮೇಲೆ ನೀನು ಊಟ ಮಾಡ್ತಿಲ್ವಾ?"

ಜಯಲಕ್ಷ್ಮಿ ಸರಪಳಿಯನ್ನು ಸವರುತ್ತ ಕೂತರು. "ಅವರ ಊಟ ಆದ್ಮೇಲೆ ಅದೇ ಎಲೇಲಿ ಬಡಿಸ್ಕೊಂಡು ತಿನ್ನೋದೇ ಅಭ್ಯಾಸ ಆಗೋಗಿದೆ. ಈಗ ನನಗೇಂತ ಬೇರೆ ಎಲೆ ಹಾಕಕ್ಕೆ ಕೈ ಬರಲ್ಲ ಕಣ್ಣಾ. ಏನೋ, ಒಂದ್ ಲೋಟ ಮಜ್ಜಿಗೆ ಕುಡೀತೀನಿ."

ಸುಮೇಧಾ ಕಣ್ಣೊರೆಸಿಕೊಂಡು ಐವತ್ತನ್ನು ಅಳಿಸಿ ಮೂವತ್ತು ಮಾಡಿದಳು.

"ಊಟ ಆಯ್ತೇನೇ ಜಯಾ?"

ಜಯಲಕ್ಷ್ಮಿ ತಟ್ಟನೆ ಸೆರಗು ಹೊದ್ದು, ಸಣಕಲು ತೋಳುಗಳನ್ನು ಅದರೊಳಗೆ ಮುಚ್ಚಿಕೊಂಡರು.

"ಆಯ್ತು ಕಣ್ರೀ," ಎಂದರು.