ಯಾರೂ ನೋಡದ ಕೊಕ್ಕೆ

"ಇದನ್ನ ಮೊದಲ ಯಾರಿಗರೆ ತೋರ್ಸೀರೇನ್ರಿ?" ಕೊಲ್ಹಾಪುರದ ಸಾಹೇಬರು ಮೂರನೇ ಸಲ ಕೇಳಿದರು. ಇಚಲಕರಂಜಿಯ ವಿದ್ಯುತ್ ಮಗ್ಗದವರ ಹೊಸ ಶೋಧಗಳನ್ನು ಬರೆದುಕೊಳ್ಳಲು ಬಂದಿದ್ದೇನೆ ಎಂದಿದ್ದರು. "ಯಾರೂ ನೋಡಿರಬಾರ್ದು. ಅಂದ್ರ ಪೇಟೆಂಟ್ ಸಿಗತೈತಿ. ಆಮ್ಯಾಲೆ ಯಾರ ಹೆಸರಲೆ ಪೇಟೆಂಟ್ ಇರತೈತೋ ಅವನ ಬಿಟ್ಟು ಬ್ಯಾರೆ ಯಾರೂ ಇದನ್ನ ಮಾಡಂಗಿಲ್ಲ."

ಯಮನಪ್ಪ ಎದೆಯುಬ್ಬಿಸಿದ. ಸೈಕಲ್ ಕಡ್ಡಿ ಬಗ್ಗಿಸಿ ಅವನು ಮಾಡಿದ ಕೊಕ್ಕೆ, ಲಾಳಿಯ ಎಳೆ ಹರಿದ ಕೂಡಲೇ ಮಗ್ಗವನ್ನು ನಿಲ್ಲಿಸಿಬಿಡುತ್ತಿತ್ತು. "ಯಾರೂ ನೋಡಿಲ್ರಿ. ತಲಿನೂ ನಂದ, ಕೈನೂ ನಂದ."

"ದಸರಾ ಪೂಜಾಕ್ಕ ಬಂದಾಗ ಬಾಜೂಮನಿ ಸಾತಪ್ಪಣ್ಣ ನೋಡ್ಯಾನಲ್ಲ," ಎಂದಳು ಹೆಂಡತಿ ಗಂಗುಬಾಯಿ.

"ನೀ ಸುಮ್ಮಕಿರ. ನೋಡ್ಯಾನಂದ್ರ ಅವನ ಹೇಳಿಕೊಟ್ಟಾನಂತ ಬರ್ಕೋತಾರ."

ಸಾಹೇಬರು ನಗುತ್ತ 'ಯಾರೂ ನೋಡಿಲ್ಲ' ಎಂದು ಬರೆದುಕೊಂಡರು. ಇಂಗ್ಲಿಷ್ ಕಾಗದವೊಂದರ ಕೆಳಗೆ ಯಮನಪ್ಪನ ಸಹಿ ಮಾಡಿಸಿಕೊಂಡರು.

"ಅರ್ಜಿ ಯಾರ ಹೆಸರಲೆ ಹೋಗತೈತ್ರಿ, ಸಾಹೇಬ್ರ?" ಗಂಗುಬಾಯಿ ಕೇಳಿದಳು.

"ಸದ್ಯ ನನ್ನ ಹೆಸರಲೆ ಹೋಗತೈತವಾ. ಇವರಿಗೆ ಇಂಗ್ಲಿಷ್ ಬರೂದಿಲ್ಲಲ್ಲ."

"ಇಕೀಗಿ ದೇವರ ಮ್ಯಾಲೂ ಸಂಶಯರಿ," ಎಂದು ನಕ್ಕ ಯಮನಪ್ಪ, ಮಗ್ಗದಿಂದ ಕೊಕ್ಕೆ ಬಿಚ್ಚಿದ. ಮನೆಯಿಂದ ಹೊರಡುವ ಮಗಳಿಗೆ ಹಚ್ಚಿದಂತೆ ಅದಕ್ಕೆ ಕುಂಕುಮ ಹಚ್ಚಿ, ಅರಿವೆಯಲ್ಲಿ ಸುತ್ತಿ ಕೊಟ್ಟ. ಮಗ್ಗ ಶುರು ಮಾಡಿ, ಸಾಹೇಬರನ್ನು ಕಳಿಸಲು ಗಂಡಹೆಂಡತಿ ಬಾಗಿಲಿಗೆ ಬಂದರು.

ಜೀಪು ಓಣಿ ತಿರುಗುವ ಹೊತ್ತಿಗೆ ಒಳಗೆ ಎಳೆ ಹರಿಯಿತು. ಮಗ್ಗ ನಿಲ್ಲಲಿಲ್ಲ. ಅದೇ ಸದ್ದಿನಲ್ಲಿ, ಒಂದೆಳೆಯನ್ನೂ ನೇಯದೆ, ಲಾಳಿ ಆಚೆಯಿಂದ ಈಚೆಗೆ ಓಡುತ್ತಲೇ ಇತ್ತು.