ನಲವತ್ತೈದರ ಮಂದಾಕಿನಿ

ಸೀಟು ಕೊಡುವ ಮುಂಚೆ ಕಾಲೇಜಿನವರು ಈಗ ನಮ್ಮನ್ನು ಮಾತಾಡಿಸುವುದಿಲ್ಲ. ನಲವತ್ತೈದು ವರ್ಷ ವಯಸ್ಸಿನ ನಮ್ಮನ್ನು ಮುಂದಿನ ಕಾಲದಿಂದ ಕರೆಸಿ ಮಾತಾಡಿಸುತ್ತಾರೆ. ನಾವು ಹೊರಗೆ ಬೆಂಚಿನ ಮೇಲೆ ಕಾಯಬೇಕು.

ಮೊದಲು ನನ್ನ ಗೆಳತಿ ಮಂದಾಕಿನಿಯ ಸರದಿ. ನಲವತ್ತೈದರ ಮಂದಾಕಿನಿ ಹೊರಬಂದಾಗ ಪ್ರಿನ್ಸಿಪಾಲರೇ ಬಾಗಿಲವರೆಗೆ ಬಂದು ಕೈಮುಗಿದರು. ಆಕೆ ನಮ್ಮ ಮಂದಾಕಿನಿಯ ಕೆನ್ನೆ ತಟ್ಟಿ, "ಭಯ ಬೀಳ್ಬೇಡ ಕಣೇ, ಎಲ್ಲಾ ಚೆನ್ನಾಗೇ ಆಗುತ್ತೆ" ಎಂದು ನಕ್ಕಳು. ನನಗೆ ಹೊಟ್ಟೆ ಉರಿದುಹೋಯಿತು. ಟ್ಯೂಷನ್ನಿನಲ್ಲಿ ಎರಡು ವರ್ಷ ನನ್ನ ನೋಟ್ಸ್ ನೋಡಿ ಬರೆದುಕೊಂಡವಳು ಇವಳು.

ಆಮೇಲೆ ನಲವತ್ತೈದರ ನಾನು ಒಳಗೆ ಹೋದೆ. ಹೊರಬಂದಾಗ ಬೀಳ್ಕೊಡಲು ಯಾರೂ ಬರಲಿಲ್ಲ.

"ದೊಡ್ಡವಳಾದ ನಿನ್ನನ್ನ ಒಂದೇ ಪ್ರಶ್ನೆ ಕೇಳೋಕೆ ಬಿಡ್ತಾರೆ. ಈ ಕಾಲೇಜು ಸೇರಲಾ ಬೇಡ್ವಾ ಅಂತ ಕೇಳು" ಎಂದು ಅಮ್ಮ ಹೇಳಿಕೊಟ್ಟು ಕಳಿಸಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಆಗಷ್ಟೇ ಹೊರಬಂದ ಆಕೆಯೇ ನನ್ನ ಪಕ್ಕ ಕೂತು, ಆ ಇಬ್ಬರು ಮಂದಾಕಿನಿಯರ ಕಡೆ ಓರೆಗಣ್ಣಿನಿಂದ ನೋಡುತ್ತಾ ಪಿಸುಗುಟ್ಟಿದಳು.

"ನಿಜ ಹೇಳು. ಅವಳನ್ನ ನನಗಿಂತ ಜಾಸ್ತಿ ಹೊತ್ತು ಕೂರಿಸ್ಕೊಂಡಿದ್ರಾ?"

"ಹೂಂ, ಜಾಸ್ತೀನೇ" ಎಂದೆ. ನಾನು ಆಗಲೇ ಗಡಿಯಾರ ನೋಡಿಟ್ಟುಕೊಂಡಿದ್ದೆ.