ಹನ್ನೆರಡು ಹಾಸಿಗೆಯ ಪ್ರಾಗ್

ದೇರಣ್ಣ ಯೂರೋಪಿಗೆ ಕಾಲೇ ಇಟ್ಟಿಲ್ಲ ಎಂಬುದು ಬಾಗಿಲು ತೆರೆಯುವ ಮೊದಲೇ ಡಾಕ್ಟರ್ ವಿಶ್ವೇಶ್ವರರಿಗೆ ಖಾತ್ರಿಯಾಗಿತ್ತು. ಇನ್ನು ಅದನ್ನು ಅವನ ಬಾಯಿಂದಲೇ ಹೊರಡಿಸಬೇಕು, ಅಷ್ಟೇ.

ಕಾರಣವಿತ್ತು. ಟೊರಾಂಟೊ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪ್ರವಾಸದ ಮಾತೆಂದರೆ ಡಾಕ್ಟರರದ್ದೇ. ಹದಿನಾಲ್ಕು ವರ್ಷ ಅವರೇ ಆಡಿದ್ದರು. 2016ರಲ್ಲಿ ಮಾತ್ರ ಕಾರ್ಯದರ್ಶಿ ಪದ್ಮಾ ಆ ಅರ್ಧ ಗಂಟೆಯನ್ನು ಎತ್ತಿ ದೇರಣ್ಣನಿಗೆ ಕೊಟ್ಟುಬಿಟ್ಟಳು. ಬೆನ್ನಿಗೊಂದು ಚೀಲ, ಪ್ರಾಗ್‌ನಲ್ಲಿ ಎಂಟು ದಿನ ಅಂತೆ! ಯಾರು? ವಿಮಾನ ನಿಲ್ದಾಣದಲ್ಲಿ ಕಂಡವರ ಸೂಟ್‌ಕೇಸ್ ಎತ್ತಿಹಾಕುವವನು. ಮೂವತ್ತೆಂಟು ವರ್ಷ ಹೃದಯ ಕೊಯ್ದು ಹೊಲಿದವರು ಕೆಳಗೆ ಕೂತು ಅವನಿಗೆ ಚಪ್ಪಾಳೆ ತಟ್ಟಬೇಕು. ಥೂ! "ಭಾಷಣ ತಿದ್ದಿಕೊಡ್ತೀನಿ, ಮನೆಗೆ ಬಾರಯ್ಯ" ಎಂದು ಡಾಕ್ಟರರೇ ಕರೆದಿದ್ದರು.

ದೇರಣ್ಣ ಸ್ಕಾರ್‌ಬರೋದಿಂದ ಎರಡು ಬಸ್ಸು ಬದಲಿಸಿ ಯೂನಿಯನ್‌ವಿಲ್‌ಗೆ ಬಂದ. ಕೈಯಲ್ಲಿ ವೈನಿಲ್ಲ, ಹೂವಿಲ್ಲ. ಅಂಚು ನೆಗ್ಗಿದ ಒಂದು ಸ್ಟೀಲ್ ಡಬ್ಬಿ. "ಕೋಡುಬಳೆ, ಅಮ್ಮ" ಎಂದು ಡಾಕ್ಟರರ ಹೆಂಡತಿ ಜಯಾ ಅವರಿಗೆ ಕೊಟ್ಟ. ಜಯಾ ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ತಟ್ಟೆಗೂ ಸುರಿಯದೆ ಡಬ್ಬಿಯನ್ನೇ ತಂದು ಗಂಡನ ಮುಂದಿಟ್ಟರು. ಇವಳಿಗೂ ಮರ್ಯಾದೆ ಮರೆತುಹೋಯಿತು ಎಂದುಕೊಂಡರು ಡಾಕ್ಟರರು.

"ಎಲ್ಲಿ ಇಳ್ಕೊಂಡಿದ್ದೆ?"

"ಅಗ್ಗದ ಟೂರಿಸ್ಟ್ ಹಾಸ್ಟೆಲಲ್ಲಿ ಡಾಕ್ಟ್ರೇ. ಒಂದು ರೂಮಿಗೆ ಹನ್ನೆರಡು ಹಾಸಿಗೆ. ನನ್ನದು ಮೇಲಿನದ್ದು. ಗೊರಕೆ ತಡೀಲಿಕ್ಕೆ ಆಗದೆ ಬೆಳಿಗ್ಗೆ ಐದಕ್ಕೇ ಎದ್ದು ಹಳೇ ಸೇತುವೆಗೆ ಹೋಗ್ತಿದ್ದೆ. ಆ ಹೊತ್ತಿಗೆ ಅಲ್ಲಿ ಒಂದು ಜನ ಇಲ್ಲ. ನಾನು, ಮತ್ತೆ ಮೂವತ್ತು ಕಲ್ಲಿನ ಮೂರ್ತಿ."

ಮೂವತ್ತು ಸರಿಯಾಗಿತ್ತು. ಇಂಟರ್ನೆಟ್ಟಲ್ಲಿ ಓದಿರುತ್ತಾನೆ. ಡಾಕ್ಟರರು ಸ್ವತಃ ಆ ಸೇತುವೆಯನ್ನು ಹದಿನೈದು ವರ್ಷದ ಹಿಂದೆ ನೋಡಿದ್ದರು. ಹನ್ನೊಂದು ದಿನಕ್ಕೆ ಏಳು ದೇಶದ ಟೂರು; ಸೇತುವೆಗೆ ನಲವತ್ತು ನಿಮಿಷ, ಟಾಯ್ಲೆಟ್ ಕ್ಯೂ ಸೇರಿ. ಅವರು ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು. ಹಾಳಾದ್ದು, ಚೆನ್ನಾಗಿತ್ತು.

"ನನ್ನ ಮಗ ಅಲ್ಲೇ ಪಕ್ಕ, ವಿಯೆನ್ನಾದಲ್ಲಿ ಹಾರ್ಟ್ ಸರ್ಜನ್. ಗೊತ್ತಲ್ಲ?"

ಟೊರಾಂಟೊದ ಕನ್ನಡಿಗರಲ್ಲಿ ಇದು ಗೊತ್ತಿಲ್ಲದವರು ಯಾರು! ಹದಿಮೂರು ವರ್ಷದ ಹಿಂದೆ ಹುಡುಗ ಓದಲು ಹೊರಟಾಗಲೇ, ಕೊಟ್ಟು ಕಳಿಸಿದ ಪಾತ್ರೆಗಳ ಮೇಲೆಲ್ಲ 'ಡಾ.' ಸೇರಿಸಿಯೇ ಹೆಸರು ಕೊರೆಸಿದ್ದ ಅಪ್ಪ ಇವರು. ಮೂರು ವರ್ಷದಿಂದ ಮಗನಿಗೆ ಮನೆಗೆ ಬರಲೂ ಬಿಡುವಿಲ್ಲ. ಫೋನ್ ಮಾಡಿದರೂ ಹಿಂದೆ ಪಾತ್ರೆಗಳ ಗಲಗಲ. ಪಾಪ, ಆಸ್ಪತ್ರೆಯ ಕ್ಯಾಂಟೀನಲ್ಲಿ ನಿಂತೇ ತಿನ್ನುತ್ತಾನೆ.

"ಗೊತ್ತುಂಟು ಡಾಕ್ಟ್ರೇ" ಎಂದ ದೇರಣ್ಣ ತಲೆ ತಗ್ಗಿಸಿದ.

"ಹೂಂ. ಬ್ರೇಕ್‌ಫಾಸ್ಟಿಗೆ ಏನ್ ಕೊಡ್ತಿದ್ರು?"

"ಬ್ರೆಡ್ಡು, ಮೊಟ್ಟೆ… ಒಂದು ದಿನ ಒಗ್ಗರಣೆ ಅವಲಕ್ಕಿ."

ಸಿಕ್ಕಿಬಿದ್ದ! "ಪ್ರಾಗ್‌ನಲ್ಲಿ ಅವಲಕ್ಕಿ! ಕೇಳಿದ್ಯೇನೇ ಜಯಾ? ಯಾರಪ್ಪಾ ಮಾಡಿದ್ದು, ನಿಮ್ಮಜ್ಜಿನಾ?"

"ಅಲ್ಲಿ ಅಡುಗೆ ಮಾಡುವ ಹುಡುಗ. ನಮ್ಮವನೇ."

"ಅಷ್ಟು ದೂರ ಹೋಗಿ ಹಾಸ್ಟೆಲಲ್ಲಿ ಸೌಟು ಹಿಡಿಯೋದಾ? ಹೆತ್ತವರ ಮಾನ ಕಳೆಯೋಕೇ ಹುಟ್ಟಿದ ದಂಡಪಿಂಡ ಇರ್ಬೇಕು."

ದೇರಣ್ಣನ ಮುಖ ಕೆಂಪಾಯಿತು. "ಹಾಗೆಲ್ಲ ಹೇಳ್ಬೇಡಿ ಮಾರಾಯ್ರೆ. ಒಳ್ಳೇ ಹುಡುಗ. ಖುಷಿಯಲ್ಲಿದ್ದಾನೆ."

ಜಯಾ ಮೆಲ್ಲಗೆ ಕೇಳಿದರು. "ಅಲ್ಲಿ ಚಳಿ ಇತ್ತಾ?"

"ಇತ್ತು ಅಮ್ಮ. ಆದ್ರೆ ಸ್ವೆಟರ್ ಸರಿಯಾಯ್ತು."

ಜಯಾ ಸೆರಗಿನಲ್ಲಿ ಮೂಗೊರೆಸಿಕೊಂಡು ಒಳಗೆ ಹೋದರು. ಸುಳ್ಳಿನ ನಡುವೆ ಸ್ವೆಟರ್ ಪುರಾಣ ಬೇರೆ! ಡಾಕ್ಟರರಿಗೆ ರೇಗಿಹೋಯಿತು.

"ಹಾಸ್ಟೆಲ್ ಹೆಸರೇನು?"

"ನೆನಪಿಲ್ಲ."

"ಎಂಟು ದಿನ ಬಿದ್ದುಕೊಂಡಿದ್ದೆ, ಹೆಸರು ನೆನಪಿಲ್ಲ. ಫೋಟೊ ತೋರಿಸು."

ದೇರಣ್ಣ ಜೇಬಿನಲ್ಲಿದ್ದ ಫೋನಿನ ಮೇಲೆ ಕೈಯಿಟ್ಟುಕೊಂಡ. "ತೆಗೀಲಿಲ್ಲ."

"ಶನಿವಾರ ಇನ್ನೂರು ಜನರ ಮುಂದೆ ಎದ್ದುನಿಂತು ಇದನ್ನೇ ಕೇಳ್ತೀನಿ. ಹಾಸ್ಟೆಲ್ ಯಾವುದು, ಆ ಅಡುಗೆಯವನು ಯಾರು, ಫೋಟೊ ಎಲ್ಲಿ ಅಂತ. ಆಗ ಏನ್ ಮಾಡ್ತೀಯ?"

ದೇರಣ್ಣ ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಹತ್ತು ದಿನದಿಂದ ಬರೆದ ಹಾಳೆಗಳನ್ನು ನಾಲ್ಕಾಗಿ ಮಡಿಸಿ ಜೇಬಿಗೆ ತುರುಕಿದ. ಹೆಂಡತಿ ನೀರಜಾ ಆ ದಿನಕ್ಕೆಂದೇ ಹೊಸ ಜುಬ್ಬಾ ಹೊಲಿಸಿದ್ದಳು. "ಬೇಡ ಡಾಕ್ಟ್ರೇ. ನೀವೇ ಮಾತಾಡಿ. ಪದ್ಮಾರಿಗೆ ನಾನೇ ಫೋನ್ ಮಾಡಿ ಹೇಳ್ತೇನೆ."

ಬಸ್ ನಿಲ್ದಾಣದ ಕಡೆಗೆ ಅವನು ತಲೆ ಬಗ್ಗಿಸಿ ನಡೆದುಹೋಗುವುದನ್ನು ಡಾಕ್ಟರರು ಕಿಟಕಿಯಿಂದ ಕಣ್ತುಂಬ ನೋಡಿದರು. ಆಹಾ, ಎಂಥ ಸೊಗಸು! "ನೋಡಿದ್ಯಾ ಜಯಾ, ಹೇಗೆ ಬಾಲ ಮುದುರ್ಕೊಂಡು ಹೋದ?"

ಅವರು ಕೂತು ಕೊನೆಯ ಕೋಡುಬಳೆಯನ್ನೂ ಮುಗಿಸಿದರು. ಇಂಗು, ಕೊಬ್ಬರಿ, ಓಮ, ಎಲ್ಲ ಹದವಾಗಿತ್ತು. ಥೇಟ್ ಜಯಾಳ ಕೈರುಚಿ.

"ಡಬ್ಬಿ ಬಿಟ್ಟುಹೋಗಿದ್ದಾನೆ ಭೂಪ. ಯಾರ ಕೈಲಾದರೂ ಕಳಿಸಿಬಿಡು."

ಜಯಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕಣ್ಣು ಕೆಂಪಾಗಿತ್ತು. "ಅದು ಅವರದ್ದಲ್ಲ. ನಾನು ಅವರ ಕೈಲಿ ಚಟ್ನಿಪುಡಿ, ಸ್ವೆಟರ್ ಕಳಿಸಿದ್ದೆ. ಬರಿಗೈಲಿ ಕಳಿಸಬಾರದು ಅಂತ ತನ್ನ ಡಬ್ಬಿ ತುಂಬಿಸಿ ಕಳಿಸಿದ್ದಾನೆ."

"ಯಾರು?" ಎನ್ನುತ್ತ ಡಾಕ್ಟರರು ಡಬ್ಬಿಯನ್ನು ಮಗುಚಿದರು.

ತಳದಲ್ಲಿ ಚುಕ್ಕಿ ಚುಕ್ಕಿಯಾಗಿ 'ಅಮೋಘ್ ವಿಶ್ವೇಶ್ವರ' ಎಂದಿತ್ತು. ಹೆಸರಿಗೂ ಮೊದಲು ಅವರು ಕೊರೆಸಿದ್ದ 'ಡಾ.' ಮಾತ್ರ ಮೊಳೆಯಿಂದ ಕೆರೆದು ಅಳಿಸಲಾಗಿತ್ತು.